ಹತ್ತು ನಿದ್ದೆ

ಅಕ್ಕನಿಗೆ ಕಿವಿ ಕೇಳಿಸುವುದಿಲ್ಲವೆಂದು ಮನೆಯವರಿಗೆ ಗೊತ್ತಾದದ್ದು ಅವಳಿಗೆ ಮೂರು ತುಂಬಿದ ಮೇಲೆ. ಅಲ್ಲಿಯವರೆಗೆ ಮೊಂಡು ಹುಡುಗಿ ಅಂದುಕೊಂಡಿದ್ದರು. ಕರೆದರೆ ತಿರುಗಿಯೂ ನೋಡದ ಸೊಕ್ಕು ಎಂದು ಅಪ್ಪ ಒಂದೆರಡು ಏಟನ್ನೂ ಕೊಟ್ಟಿದ್ದರಂತೆ. ಗೊತ್ತಾದ ಮೇಲೆ ಅಪ್ಪ ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಅಮ್ಮ ಮಾತ್ರ ಅಳುತ್ತ ಕೂರುವ ಜಾತಿಯಲ್ಲ. ಸೆರಗು ಸಿಕ್ಕಿಸಿಕೊಂಡು ಮಗಳ ಮುಂದೆ ಕೂತು ಕೈಯಿಂದ ಮಾತು ಹುಟ್ಟಿಸಲು ಶುರು ಮಾಡಿದಳು. ಕಿವುಡ ಮಕ್ಕಳ ಶಾಲೆ ಎಂಬುದು ಆಗ ಆ ಕಡೆ ಎಲ್ಲೂ ಇರಲಿಲ್ಲ. ಇದ್ದಿದ್ದರೂ ಇವರಿಗೆ ಹೇಳುವವರಿರಲಿಲ್ಲ.

ನಾಲಿಗೆ ತುದಿ ಮುಟ್ಟಿ ಮುಖ ಕಿವುಚಿದರೆ ಉಪ್ಪು. ಕೆನ್ನೆಗೆ ಅಂಗೈ ಇಟ್ಟು ತಲೆ ವಾಲಿಸಿದರೆ ನಿದ್ದೆ. ನಿದ್ದೆಯ ಜೊತೆ ಒಂದು ಬೆರಳು ತೋರಿಸಿದರೆ ನಾಳೆ, ಎರಡು ಬೆರಳಾದರೆ ನಾಡಿದ್ದು. ಮೂಗು ಒರೆಸಿಕೊಂಡರೆ ಅಣ್ಣ. ಚಿಕ್ಕವನಿದ್ದಾಗ ಅವನ ಮೂಗು ಸದಾ ಸೋರುತ್ತಿತ್ತು. ಈಗ ಅವನು ಊರಿಗೇ ಬೇಕಾದ ಎಲೆಕ್ಟ್ರಿಷಿಯನ್, ತಲೆಯ ಮುಂಭಾಗ ಬೋಳಾಗಿದೆ, ಆದರೂ ಅಕ್ಕನಿಗೆ ಅವನು ಮೂಗು ಒರೆಸುವವನೇ. ಎಡಹುಬ್ಬು ಮುಟ್ಟಿಕೊಂಡರೆ ತಂಗಿ. ಮೆಟ್ಟಿಲಿನಿಂದ ಬಿದ್ದು ಅಲ್ಲಿ ಒಂದು ಗಾಯದ ಗೆರೆ ಉಳಿದಿತ್ತು. ಅರ್ಧ ಮಾತು ಎದುರಿಗಿದ್ದವರ ಮೈಮೇಲೇ ನಡೆಯುತ್ತಿತ್ತು. ನಿನ್ನ ಮೇಲೆ ಕೋಪ ಬಂದಿದೆ ಅನ್ನಲು ನಿಮ್ಮ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಕೋಪ ಹೋಯಿತು ಅನ್ನಲು ನಿಮ್ಮ ಅಂಗೈಯನ್ನು ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಳ್ಳಬೇಕು.

ತಂಗಿ ಹುಟ್ಟಿದ್ದು ಅಕ್ಕನಿಗೆ ಹದಿಮೂರು ವರ್ಷವಾದಾಗ. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಹಾಗಾಗಿ ತಂಗಿ ಬಾಯಿ ಬಿಡುವ ಮುಂಚೆ ಕೈಯಲ್ಲಿ ಮಾತು ಕಲಿತಳು. ಐದನೇ ವಯಸ್ಸಿಗೆ ಮನೆಗೆ ಬಂದವರಿಗೆಲ್ಲ ದುಭಾಷಿ ಅವಳೇ. "ಅಕ್ಕ ಏನಂತಾಳೆ?" ಎಂದು ಕೇಳಿದರೆ ಒಮ್ಮೊಮ್ಮೆ ತನಗೆ ಬೇಕಾದ್ದನ್ನು ಸೇರಿಸಿ ಹೇಳುತ್ತಿದ್ದಳು: "ನಂಗೆ ಬಿಸ್ಕತ್ತು ಕೊಡ್ಬೇಕಂತೆ."

ಅಕ್ಕ ದೊಡ್ಡವಳಾಗಿ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಹದಿನಾರು ಪುಟಕ್ಕೆ ಮಡಿಸುವುದು, ಮಡಿಕೆಯನ್ನು ಪಟ್ಟಿಯಿಂದ ಉಜ್ಜುವುದು, ಜೋಡಿಸಿ ದಾರದಲ್ಲಿ ಹೊಲಿಯುವುದು. ಒಂದಕ್ಷರ ಓದಲು ಬಾರದಿದ್ದರೂ ಪುಟದ ಅಂಕಿ ಹಿಂದುಮುಂದಾದರೆ ಮೊದಲು ಹಿಡಿಯುವವಳು ಅವಳೇ. ಯಂತ್ರಗಳ ಸದ್ದಿಗೆ ಉಳಿದವರು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಳ್ಳುತ್ತಿದ್ದರೆ ಅವಳೊಬ್ಬಳು ಆರಾಮಾಗಿದ್ದಳು.

ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅಮ್ಮನೂ ಹೋದ ಮೇಲೆ ಆ ಕೈಮಾತು ಪೂರ್ತಿ ಬಲ್ಲವರು ಜಗತ್ತಿನಲ್ಲಿ ಇಬ್ಬರೇ ಉಳಿದರು. ಅಣ್ಣನಿಗೆ ಊಟ, ಬಾ, ಹೋಗು, ದೀಪ ಆರಿಸು, ಇಷ್ಟು ಬರುತ್ತಿತ್ತು. ಅತ್ತಿಗೆಗೆ ಅದೂ ಇಲ್ಲ. ಮನೆಗೆ ಬಂದು ಎಂಟು ವರ್ಷವಾದರೂ ಅವಳು ಅಕ್ಕನ ಹತ್ತಿರ ಬಾಯಲ್ಲೇ, ಅದೂ ಬೀದಿಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದಳು. "ಗಟ್ಟಿಯಾಗಿ ಹೇಳಿದ್ರೆ ಸ್ವಲ್ಪನಾದ್ರೂ ಒಳಗೆ ಹೋಗತ್ತೆ" ಎಂಬುದು ಅವಳ ನಂಬಿಕೆ. ಅಕ್ಕ ಆ ತೆರೆದ ಬಾಯನ್ನೇ ನೋಡುತ್ತ ನಗುತ್ತಿದ್ದಳು. ಸೊಂಟದ ಮೇಲೆ ಎರಡೂ ಕೈ ಇಟ್ಟು ತೋರಿಸಿದರೆ ಅದು ಅತ್ತಿಗೆಯ ಹೆಸರು ಎಂಬುದು ಅತ್ತಿಗೆಗೇ ಗೊತ್ತಿರಲಿಲ್ಲ.

ತಂಗಿ ಓದಿ ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದಳು. ಹನ್ನೊಂದು ವರ್ಷ ಅದೇ ಕಿಂಡಿ, ಅದೇ ಕುರ್ಚಿ. ಕಿವುಡರು ಯಾರಾದರೂ ಒಬ್ಬರೇ ಬಂದರೆ ಕಿವಿ ಡಾಕ್ಟರು ಒಳಗಿನಿಂದಲೇ ಕೂಗುತ್ತಿದ್ದರು: "ಚೀಟಿಯಮ್ಮನ್ನ ಕರೀರಿ!" ಅವಳು ಕಿಂಡಿ ಮುಚ್ಚಿ ಒಳಗೆ ಹೋಗಿ, ಗೊತ್ತಿರುವ ಅಲ್ಪಸ್ವಲ್ಪ ಸನ್ನೆಯಿಂದಲೇ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಹೊರಡಿಸುತ್ತಿದ್ದಳು. ಒಂದು ದಿನ ಗಂಡ ಬಿಟ್ಟುಹೋದ ಕಿವುಡ ಹೆಂಗಸೊಬ್ಬಳು ಕಿವಿಯ ಬಗ್ಗೆ ಏನೂ ಹೇಳದೆ ಅವಳ ಮುಂದೆ ಕೂತು ಒಂದು ಗಂಟೆ ಅತ್ತು ಹೋದಳು. ಅವಳಿಗೆ ಬೇಕಾದದ್ದು ಚೀಟಿಯಲ್ಲ. ಏನು ಬೇಕೆಂದು ತಂಗಿಗೆ ಗೊತ್ತಾಯಿತು, ಹೇಗೆ ಕೊಡುವುದೆಂದು ಗೊತ್ತಾಗಲಿಲ್ಲ.

"ಇಂಥವರಿಗೆ ಕೌನ್ಸೆಲಿಂಗ್ ಮಾಡೋಕೆ ನಮ್ಮಲ್ಲಿ ಒಬ್ರೂ ಇಲ್ಲ," ಎಂದರು ಡಾಕ್ಟರು. "ಹೊರದೇಶದಲ್ಲಿ ಅದಕ್ಕೇ ಎರಡು ವರ್ಷದ ಕೋರ್ಸಿದೆ, ಸ್ಕಾಲರ್‌ಶಿಪ್ಪೂ ಇದೆ. ಅರ್ಜಿ ಹಾಕು. ಚೀಟಿ ಬರ್ಕೊಂಡೇ ರಿಟೈರ್ ಆಗ್ತೀಯಾ?"

ಹಾಕಿದಳು. ಸಿಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಹಾಕಿದ್ದು. ಸಿಕ್ಕೇಬಿಟ್ಟಿತು.

ಅಣ್ಣ ಅತ್ತಿಗೆಗೆ ಹೇಳುವುದು ಕಷ್ಟವಾಗಲಿಲ್ಲ. ಅಣ್ಣ ಹಿಗ್ಗಿದ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು, "ಹೋಗು ಮಾರಾಯ್ತಿ, ಆದ್ರೆ ಇವಳಿಗೆ ಯಾರು ಹೇಳೋದು?" ಎಂದಳು.

ಹೇಗೆ ಹೇಳುವುದು? ದೇಶ ಎಂಬುದಕ್ಕೆ ಅವರ ಮಾತಿನಲ್ಲಿ ಸನ್ನೆಯೇ ಇರಲಿಲ್ಲ. ಅಮ್ಮ ಅದನ್ನು ಹುಟ್ಟಿಸುವ ಪ್ರಸಂಗ ಬಂದಿರಲಿಲ್ಲ. ವರ್ಷಕ್ಕೂ ಇರಲಿಲ್ಲ. ಇದ್ದದ್ದು ನಿದ್ದೆ ಮತ್ತು ಹತ್ತು ಬೆರಳು. ತಂಗಿ ಅಕ್ಕನ ಮುಂದೆ ಕೂತು ಹೇಳಿದಳು: ನಾನು, ಬಸ್ಸು, ದೂರ, ಓದು. ನಿದ್ದೆ. ಎಷ್ಟು ನಿದ್ದೆ ಎಂದು ಅಕ್ಕ ಕೇಳಿದಳು. ತಂಗಿ ಹತ್ತು ಬೆರಳು ತೋರಿಸಿ, ಮುಚ್ಚಿ, ಮತ್ತೆ ಹತ್ತು ತೋರಿಸಿ, ಮತ್ತೆ, ಮತ್ತೆ. ಏಳೆಂಟು ಸಲ ಆಗುವಷ್ಟರಲ್ಲಿ ಅಕ್ಕ ಜೋರಾಗಿ ನಗತೊಡಗಿದಳು. ಬೆರಳು ಬಿಚ್ಚಿ ಮುಚ್ಚಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು. ತಾನೂ ಜೊತೆಗೆ ಬಿಚ್ಚಿ ಮುಚ್ಚಿ ಮಾಡಿದಳು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಬಸ್ಸು ಎಂಜಿನ್ ಚಾಲೂ ಮಾಡಿ ನಿಂತಿತ್ತು. ಅಣ್ಣ ಪೆಟ್ಟಿಗೆಯನ್ನು ಮೇಲೆ ಹತ್ತಿಸುತ್ತಿದ್ದ. ಆಗ ಅಕ್ಕನಿಗೆ ಏನು ಅನ್ನಿಸಿತೋ, ತಂಗಿಯ ದಾರಿಗೆ ಅಡ್ಡ ನಿಂತು, ಕೆನ್ನೆಗೆ ಅಂಗೈಯಿಟ್ಟು, ಹತ್ತೂ ಬೆರಳು ಚಾಚಿ ಕೇಳಿದಳು. ಹತ್ತು ನಿದ್ದೆಯೇ?

ಕಂಡಕ್ಟರು ಸೀಟಿ ಊದಿದ. ತಂಗಿ ಹೌದೆಂದು ತಲೆಯಾಡಿಸಿದಳು.

ಅಷ್ಟೇ ಅವಳು ಮಾಡಿದ್ದು. ಅಕ್ಕ ಸಮಾಧಾನವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಓದಲು ಹೋದ ಊರಿನಲ್ಲಿ ತಂಗಿಗೆ ಸಿಕ್ಕಿದ್ದು ಒಂದು ಇಸ್ತ್ರಿ ಅಂಗಡಿಯ ಮೇಲಿನ ಕೋಣೆ. ಬೆಳಿಗ್ಗೆ ಏಳರಿಂದ ಕೆಳಗಿನ ಹಬೆ ನೆಲದ ಸಂದಿಯಿಂದ ಮೇಲೇರಿ ಪುಸ್ತಕದ ಹಾಳೆಗಳೆಲ್ಲ ಮೆತ್ತಗಾಗುತ್ತಿದ್ದವು. ತರಗತಿಯಲ್ಲಿ ಹನ್ನೆರಡು ಜನ. ಎಲ್ಲರಿಗಿಂತ ದೊಡ್ಡವಳು ಇವಳೇ, ಮೂವತ್ತನಾಲ್ಕು. ಮೊದಲ ಮೂರು ತಿಂಗಳು ಆ ದೇಶದ ಕಿವುಡರ ಭಾಷೆ ಕಲಿಯಬೇಕಿತ್ತು. ಕೈಮಾತಿಗೂ ವ್ಯಾಕರಣವಿದೆ, ನಿಘಂಟಿದೆ, ಪದ್ಯಗಳಿವೆ ಎಂದು ಅವಳು ಮೊದಲ ಸಲ ಕಂಡಳು. ವರ್ಷ ಎಂಬುದಕ್ಕೊಂದು ಸನ್ನೆ, ದೇಶ ಎಂಬುದಕ್ಕೊಂದು ಸನ್ನೆ, ಯಾಕೆ, ಆದರೂ, ಒಂದು ವೇಳೆ ಎಂಬುದಕ್ಕೆಲ್ಲ ಒಂದೊಂದು. ಮೊದಲ ದಿನ ಖುಷಿಯಿಂದ ಕಣ್ಣರಳಿಸಿದವಳು ಎರಡನೇ ದಿನ ಶೌಚಾಲಯಕ್ಕೆ ಹೋಗಿ ಅತ್ತು ಬಂದಳು. ನಲವತ್ತೇಳು ವರ್ಷ ಅಕ್ಕ ಇಷ್ಟೆಲ್ಲ ಇಲ್ಲದೆ ಬದುಕಿದ್ದಳು. ಅದಕ್ಕೆ ಯಾರನ್ನು ಬೈಯುವುದೆಂದು ಗೊತ್ತಾಗಲಿಲ್ಲ.

ಮೇಲ್ವಿಚಾರಕಿ ಎತ್ತರದ, ತೆಳ್ಳಗಿನ ಹೆಂಗಸು. ಸಮಾಲೋಚನೆ ಐವತ್ತು ನಿಮಿಷವೆಂದರೆ ಐವತ್ತೇ ನಿಮಿಷ. ಎದುರಿಗಿದ್ದವರು ಬಿಕ್ಕುತ್ತಿದ್ದರೂ ಐವತ್ತೊಂದನೇ ನಿಮಿಷಕ್ಕೆ ಬಾಗಿಲು ತೆರೆಯಬೇಕು. ತಂಗಿ ಅವಳಿಗೆ ಮನಸ್ಸಿನಲ್ಲೇ ಗಡಿಯಾರದಮ್ಮ ಎಂದು ಹೆಸರಿಟ್ಟಿದ್ದಳು. ಆದರೆ ಕಟುಕಳಲ್ಲ. "ನಿನ್ನ ಕೈ ಚೆನ್ನಾಗಿದೆ," ಎಂದು ಒಮ್ಮೆ ಹೇಳಿದಳು, "ಯಾರೋ ಬಹಳ ಪ್ರೀತಿಯಿಂದ ಕಲಿಸಿದ ಹಾಗಿದೆ."

ಮೊದಲ ಹತ್ತು ದಿನ ಎಲ್ಲ ಸುಸೂತ್ರವಾಗಿತ್ತು. ಇಲ್ಲಿ ಬೆಳಿಗ್ಗೆಯಾದಾಗ ಊರಿನಲ್ಲಿ ಸಂಜೆ. ಅಣ್ಣ ಫೋನನ್ನು ಅಕ್ಕನ ಮುಂದೆ ಹಿಡಿಯುತ್ತಿದ್ದ. ಊಟ ಆಯಿತಾ, ಚಳಿಯಾ, ಕೂದಲು ಯಾಕೆ ಹಾಗೆ ಬಾಚಿದ್ದೀ ಎಂದು ಅಕ್ಕ ಕೇಳುತ್ತಿದ್ದಳು. ಮುಂಗೈ ಒತ್ತಲು ಹೋಗಿ ಗಾಜು ಒತ್ತುತ್ತಿದ್ದಳು, ಫೋನು ಕಟ್ಟಾಗುತ್ತಿತ್ತು, ಮೂವರೂ ನಗುತ್ತಿದ್ದರು.

ಹನ್ನೊಂದನೇ ದಿನ ಅಣ್ಣನೊಬ್ಬನೇ ಫೋನು ಮಾಡಿದ. "ಪುಟ್ಟೀ, ಅಕ್ಕ ಪ್ರೆಸ್ಸಿಂದ ಬೇಗ ಬಂದು ಮುಖ ತೊಳ್ಕೊಂಡು, ಬೇರೆ ಬಟ್ಟೆ ಹಾಕ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತಿದಾಳೆ. ಕರೆದ್ರೆ ಬರ್ತಿಲ್ಲ. ಯಾಕೆ ಅಂತ ಏನಾದ್ರೂ ಗೊತ್ತಾ?"

ತಂಗಿಗೆ ಗೊತ್ತಿತ್ತು. "ಗೊತ್ತಿಲ್ಲ," ಎಂದಳು. ಎರಡು ದಿನ ಬಿಟ್ಟು ನಿಜ ಹೇಳಿದಳು. ಅಣ್ಣ ಬೈಯಲಿಲ್ಲ. "ಛೆ," ಎಂದ.

ಅಂದಿನಿಂದ ಅದೊಂದು ದಿನಚರಿಯಾಯಿತು. ಪ್ರೆಸ್ಸು ಮುಗಿದ ಮೇಲೆ ಅಕ್ಕ ನೇರ ನಿಲ್ದಾಣಕ್ಕೆ ಹೋಗುವಳು. ಬರುವ ಪ್ರತಿ ಬಸ್ಸಿನ ಬಾಗಿಲನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುವಳು. ಕೊನೆಯವರು ಇಳಿದ ಮೇಲೂ ಒಳಗೆ ಇಣುಕಿ ಬರುವಳು. ಕತ್ತಲಾಗುವ ಮುಂಚೆ ಅಣ್ಣ ಹೋಗಿ ಕರೆತರಬೇಕು. ಅಲ್ಲಿನ ಟೈಂಕೀಪರ್ ಪಾಪ ಅನ್ನಿಸಿ ತನ್ನದೊಂದು ಸ್ಟೂಲನ್ನು ಹೊರಗಿಟ್ಟಿದ್ದ. ಫೋನಿನಲ್ಲಿ ತಂಗಿ ಇನ್ನೂ ನಿದ್ದೆ ಇದೆ, ಬಹಳ ಇದೆ ಎಂದು ಎಷ್ಟು ಹೇಳಿದರೂ ಅಕ್ಕ ಹತ್ತು ಬೆರಳು ತೋರಿಸಿ, ಒಂದೊಂದೇ ಮಡಿಸಿ, ಖಾಲಿ ಮುಷ್ಟಿಯನ್ನು ಪರದೆಯ ಹತ್ತಿರ ತರುತ್ತಿದ್ದಳು. ಮುಗಿಯಿತಲ್ಲ? ನಿನ್ನ ಲೆಕ್ಕ ಮುಗಿಯಿತಲ್ಲ?

ಐದನೇ ತಿಂಗಳಲ್ಲಿ ತಂಗಿಗೆ ಒಂದು ಉಪಾಯ ಹೊಳೆಯಿತು. ಕಾಲವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿ ತೋರಿಸಿ ಎಂದು ತರಗತಿಯಲ್ಲಿ ಯಾರಿಗೋ ಹೇಳಿಕೊಟ್ಟದ್ದನ್ನು ಕೇಳಿದ್ದಳು. ದಿನಕ್ಕೊಂದು ಹಾಳೆ ಹರಿಯುವ ದಪ್ಪ ಕ್ಯಾಲೆಂಡರು ಎರಡನ್ನು ತಂದು, ಉಳಿದ ದಿನಗಳಷ್ಟೇ ಹಾಳೆ ಇರುವಂತೆ ಜೋಡಿಸಿ, ಕೊನೆಯ ಹಾಳೆಗೆ ತನ್ನ ಫೋಟೋ ಅಂಟಿಸಲು ಅಣ್ಣನಿಗೆ ಹೇಳಿದಳು. ಒಂದು ನಿದ್ದೆಗೆ ಒಂದು ಹಾಳೆ. ಹಾಳೆಯ ವಿಷಯ ಅಕ್ಕನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ದಿನವೇ ಅರ್ಥವಾಯಿತು. ಕಂತೆಯ ದಪ್ಪ ಸವರಿ ನೋಡಿದಳು. ನಿಲ್ದಾಣಕ್ಕೆ ಹೋಗುವುದನ್ನು ಬಿಟ್ಟಳು. ದಿನಾ ಬೆಳಿಗ್ಗೆ ಎದ್ದು ಒಂದು ಹಾಳೆ ಹರಿಯುವಳು, ಕೆಲಸಕ್ಕೆ ಹೋಗುವಳು. "ನಿನ್ನ ಓದು ಕೆಲಸಕ್ಕೆ ಬಂತು ಕಣೇ," ಎಂದಳು ಅತ್ತಿಗೆ. ತಂಗಿ ಆ ವಾರ ನೆಮ್ಮದಿಯಾಗಿ ಊಟ ಮಾಡಿದಳು. ಗಡಿಯಾರದಮ್ಮನ ಮುಂದೆ ಹೇಳಿಕೊಂಡು ಹೆಮ್ಮೆಪಟ್ಟಳು ಕೂಡ.

ಹದಿನೇಳು ದಿನ ಹಾಗೆ ನಡೆಯಿತು. ಹದಿನೆಂಟನೇ ದಿನ ಪ್ರೆಸ್ಸಿಗೆ ರಜೆ. ಮಧ್ಯಾಹ್ನ ಅತ್ತಿಗೆ ಹೊರಗೆ ಹೋಗಿ ಬರುವಷ್ಟರಲ್ಲಿ ಅಕ್ಕ ಉಳಿದ ಹಾಳೆಗಳನ್ನೆಲ್ಲ ಒಂದೊಂದಾಗಿ ಹರಿದು, ಹದಿನಾರರ ಮಡಿಕೆ ಮಡಿಸಿ, ಗೋಡೆಗೊರಗಿಸಿ ಸಾಲಾಗಿ ಜೋಡಿಸಿಟ್ಟಿದ್ದಳು. ಗೋಡೆಯ ಮೇಲೆ ತಂಗಿಯ ಫೋಟೋ ಮಾತ್ರ ಉಳಿದಿತ್ತು. ಅಕ್ಕ ಬೇರೆ ಬಟ್ಟೆ ಹಾಕಿಕೊಂಡು ನಿಲ್ದಾಣದಲ್ಲಿ ಕೂತಿದ್ದಳು. ಅಂದು ಅಣ್ಣ ಕರೆತರುವಾಗ ರಸ್ತೆಯುದ್ದಕ್ಕೂ ಅವನ ಕೈ ಕೊಸರಿದಳು. ಮಾರನೇ ದಿನ ಪ್ರೆಸ್ಸಿಗೆಂದು ಹೋದವಳು ಪ್ರೆಸ್ಸಿಗೆ ಹೋಗಲಿಲ್ಲ. ತಂಗಿ ಹತ್ತಿ ಹೋಗಿದ್ದ ಬಸ್ಸನ್ನೇ ಹತ್ತಿ ಹೋಗಿಬಿಟ್ಟಳು.

ಆ ಹೊತ್ತಿಗೆ ತಂಗಿ ಕಿವುಡರ ಸೇವಾಕೇಂದ್ರವೊಂದರಲ್ಲಿ ಅಭ್ಯಾಸಕ್ಕೆ ನಿಂತಿದ್ದಳು. ಅವಳ ಪಾಲಿಗೆ ಬಂದವನು ಬೀಗ ರಿಪೇರಿ ಮಾಡುವ ಐವತ್ತೈದರ ಗಂಡಸು, ಹುಟ್ಟು ಕಿವುಡ. ಪಕ್ಕದ ಅಂಗಡಿಯವನ ಮೂಗು ಮುರಿದದ್ದಕ್ಕೆ ಕೋರ್ಟು ಅವನನ್ನು ಇಲ್ಲಿಗೆ ಕಳಿಸಿತ್ತು. ಆರು ವಾರ ಅವನು ಕುರ್ಚಿಯಲ್ಲಿ ಕೈಕಟ್ಟಿ ಕೂತು ಕಿಟಕಿ ನೋಡಿ ಎದ್ದುಹೋಗಿದ್ದ. ಬಾಗಿಲ ಹಿಡಿ ಸಡಿಲಾಗಿದೆ ಎಂದದ್ದು ಬಿಟ್ಟರೆ ಒಂದು ಮಾತೂ ಆಡಿರಲಿಲ್ಲ.

ಏಳನೇ ವಾರ, ಅವನು ಬರಲು ಹತ್ತು ನಿಮಿಷ ಇರುವಾಗ, ಓಣಿಯಲ್ಲಿ ನಿಂತಿದ್ದ ತಂಗಿಗೆ ಅಣ್ಣನ ಫೋನು ಬಂತು. ಅಣ್ಣ ಏದುಸಿರು ಬಿಡುತ್ತಿದ್ದ. "ನಿನ್ನೆ ಬೆಳಿಗ್ಗೆಯಿಂದ ಇಲ್ಲ ಪುಟ್ಟೀ. ನಿಂಗೆ ಹೇಳೋದು ಬೇಡ, ಸಿಗ್ತಾಳೆ ಅಂದ್ಕೊಂಡಿದ್ದೆ. ಅವಳು ಮಹಾನಗರದಲ್ಲಿ ಇಳಿದದ್ದನ್ನ ಕಂಡಕ್ಟರು ನೋಡಿದಾನಂತೆ. ಅಲ್ಲಿಂದ ಗೊತ್ತಿಲ್ಲ."

ಆಮೇಲೆ ಪೊಲೀಸಿನವನೊಬ್ಬ ಫೋನು ತೆಗೆದುಕೊಂಡ. "ಮೇಡಂ, ಅವ್ರಿಗೆ ಹೆಸ್ರು ಹೇಳೋಕೆ ಬರತ್ತಾ?"

"ಇಲ್ಲ."

"ಬರೆಯೋಕೆ?"

"ಇಲ್ಲ."

"ಮತ್ತೆ ಸಿಕ್ಕಿದ್ರೂ ಇವರೇ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು ಮೇಡಂ? ಏನಾದ್ರೂ ಗುರುತು ಹೇಳಿ."

ತಂಗಿಗೆ ಒಂದೇ ಗುರುತು ಹೊಳೆಯಿತು. ಎಡಹುಬ್ಬು ಮುಟ್ಟಿಕೊಂಡು ತೋರಿಸ್ತಾಳೆ ಎಂದಳು. ಅದು ಏನು ಎಂದು ಅವನು ಕೇಳಿದ. ಅದು ನಾನು ಎಂದಳು. ಆ ಕಡೆ ಅವನು ಬರೆದುಕೊಳ್ಳುವ ಸದ್ದು ಕೇಳಿಸಿತು.

ಬೀಗದವನು ಬಂದು ಕೂತ. ಎದುರಿಗೆ ಕೂತು ತಂಗಿ ಎಂದಿನಂತೆ ಶುರು ಮಾಡಿದಳು: ಈ ವಾರ ಹೇಗಿತ್ತು? ಅವನು ಕಿಟಕಿ ಬಿಟ್ಟು ಮೊದಲ ಸಲ ಅವಳ ಕೈಯನ್ನು ನೋಡಿದ.

"ಏನಾಯ್ತು?" ಎಂದು ಕೈಯಲ್ಲಿ ಕೇಳಿದ.

"ಏನಿಲ್ಲ."

"ನೀನು ಇವತ್ತು ತೊದಲ್ತಾ ಇದೀಯ," ಎಂದ. ತನ್ನ ಬೆರಳುಗಳನ್ನು ನಡುಗಿಸಿ ತೋರಿಸಿದ. "ಹೀಗೆ."

ತನ್ನ ಕಷ್ಟವನ್ನು ಎದುರಿಗಿದ್ದವರ ಮೇಲೆ ಹೊರಿಸಬಾರದು, ಅದು ಮೊದಲ ಪಾಠ. ತಂಗಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಅವನು ಅದನ್ನು ನೋಡಿದ. ಆಮೇಲೆ ಜೇಬಿನಿಂದ ಒಂದು ತಿರುಪುಳಿ ತೆಗೆದು, ಎದ್ದು ಹೋಗಿ, ಬಾಗಿಲ ಹಿಡಿಯನ್ನು ಬಿಚ್ಚಿ ಬಿಗಿ ಮಾಡತೊಡಗಿದ. ಅವಳಿಗೆ ಬೆನ್ನು ತೋರಿಸಿಕೊಂಡೇ ಅರ್ಧ ಗಂಟೆ ಆ ಒಂದು ಹಿಡಿಯ ಹತ್ತಿರ ನಿಂತಿದ್ದ. ತನ್ನನ್ನು ಅಳಲು ಬಿಟ್ಟದ್ದು ಎಂದು ಅವಳಿಗೆ ಅರ್ಥವಾಯಿತು. ಅತ್ತಳು. ಹೊತ್ತಾದ ಮೇಲೆ ಅವನು ಹಿಡಿ ತಿರುಗಿಸಿ ತೋರಿಸಿ, ತಲೆಯಾಡಿಸಿ ಹೋದ.

ಗಡಿಯಾರದಮ್ಮ ಎಲ್ಲ ಕೇಳಿಕೊಂಡು, "ಆ ಐವತ್ತು ನಿಮಿಷ ಯಾರದ್ದಾಗಿತ್ತು?" ಎಂದಳು. ಬೈಗುಳವೇ ಅದು. ಬೈದ ಮೇಲೆ ತಾನೇ ನೀರು ತಂದುಕೊಟ್ಟಳು.

ತಂಗಿ ಕೇಂದ್ರದ ಶೌಚಾಲಯದ ಬಾಗಿಲು ಹಾಕಿಕೊಂಡು ಫೋನನ್ನು ನಲ್ಲಿಯ ಮೇಲೆ ಒರಗಿಸಿ ತನ್ನದೇ ವಿಡಿಯೋ ಮಾಡಿದಳು. ಹುಬ್ಬು ಮುಟ್ಟಿಕೊಂಡಳು, ಮೂಗು ಒರೆಸಿಕೊಂಡಳು, ಸೊಂಟದ ಮೇಲೆ ಕೈಯಿಟ್ಟಳು. ಅಲ್ಲೇ ಇರು, ಅಣ್ಣ ಬರುತ್ತಾನೆ. ನಲವತ್ತು ಸೆಕೆಂಡು. ಅಣ್ಣ ಅದನ್ನು ಪೊಲೀಸರಿಗೆ, ಕಂಡಕ್ಟರುಗಳಿಗೆ, ಕಂಡಕಂಡವರಿಗೆಲ್ಲ ಕಳಿಸಿದ. ಅಮ್ಮ ಮಗಳಿಗಾಗಿ ಅಡುಗೆಮನೆಯಲ್ಲಿ ಹುಟ್ಟಿಸಿದ ಮಾತು ಎರಡು ದಿನದಲ್ಲಿ ಸಾವಿರ ಜನರ ಫೋನಿನಲ್ಲಿತ್ತು. ಕೆಲವರು ನಗುವ ಮುಖದ ಚಿತ್ರ ಹಾಕಿ ಮುಂದಕ್ಕೆ ಕಳಿಸಿದರು. ಮಾಡುವುದಕ್ಕೆ ಇನ್ನೇನೂ ಇರಲಿಲ್ಲ. ತಂಗಿ ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಫೋನು ಹಿಡಿದು ಮಂಚದ ಅಂಚಿಗೆ ಕೂತಳು. ಕೆಳಗೆ ಹಬೆಯ ಯಂತ್ರ ಬುಸುಗುಡುತ್ತಿತ್ತು.

ನಾಲ್ಕನೇ ದಿನ ಅಕ್ಕ ಸಿಕ್ಕಿದಳು. ದಿಕ್ಕಿಲ್ಲದ ಹೆಂಗಸರನ್ನು ಇಟ್ಟುಕೊಳ್ಳುವ ಒಂದು ಆಶ್ರಯಧಾಮದಲ್ಲಿದ್ದಳು. ಅಲ್ಲಿನ ವಾರ್ಡನ್ನು ವಿಡಿಯೋ ನೋಡಿ ಗುರುತು ಹಿಡಿದದ್ದು. ಅಣ್ಣ ಇನ್ನೂ ದಾರಿಯಲ್ಲಿದ್ದ. ವಾರ್ಡನ್ನೇ ತಂಗಿಗೆ ವಿಡಿಯೋ ಕರೆ ಮಾಡಿದಳು. "ಮೂರು ದಿನದಿಂದ ಬರೀ ಹುಬ್ಬು ಮುಟ್ಕೋತಾರಮ್ಮ. ಹಣೆ ನೋವು ಅಂದ್ಕೊಂಡು ಮಾತ್ರೆ ಕೊಟ್ವಿ."

ಪರದೆಯಲ್ಲಿ ಅಕ್ಕ ಕಂಡಳು. ಯಾರದೋ ದೊಗಳೆ ಅಂಗಿ. ಹೇನಾಗುತ್ತದೆಂದು ಕೂದಲು ಕತ್ತರಿಸಿದ್ದರು. ತಂಗಿ ಎರಡೂ ಕೈ ಬೀಸಿದಳು. ಅಕ್ಕ ನೋಡಿದಳು. ಗುರುತು ಸಿಕ್ಕಿತೆಂಬುದು ಮುಖದಲ್ಲೇ ಕಂಡಿತು. ಆಮೇಲೆ ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ವಾರ್ಡನ್ನು ಫೋನನ್ನು ಆ ಕಡೆ ತಂದಳು. ಅಕ್ಕ ಈ ಕಡೆ ತಿರುಗಿದಳು. ಮತ್ತೆ ಈ ಕಡೆ ತಂದಾಗ ಕಣ್ಣು ಮುಚ್ಚಿಕೊಂಡಳು.

ಕಣ್ಣು ಮುಚ್ಚಿದ ಅಕ್ಕನಿಗೆ ಏನು ಹೇಳಲು ಬರುತ್ತದೆ? ಕೂಗುವುದಕ್ಕೂ ಬರುವುದಿಲ್ಲ. ತಂಗಿಯ ಕೈಗಳು ಗಾಳಿಯಲ್ಲಿ ಹಾಗೇ ನಿಂತವು. "ನೋಡ್ತಿಲ್ಲಮ್ಮ," ಎಂದಳು ವಾರ್ಡನ್ನು, ತಾನೇ ತಪ್ಪು ಮಾಡಿದವಳಂತೆ.

ಗಡಿಯಾರದಮ್ಮನೇ ಅವಳನ್ನು ವಿದ್ಯಾರ್ಥಿವೇತನದ ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿನ ಅಧಿಕಾರಿ ಕುರ್ಚಿ ಕೊಟ್ಟ, ಮುಖ ಒರೆಸುವ ಕಾಗದದ ಡಬ್ಬಿಯನ್ನು ಹತ್ತಿರ ಸರಿಸಿದ, ಎಲ್ಲ ಕೇಳಿದ. ಏಳು ದಿನಕ್ಕಿಂತ ಹೆಚ್ಚು ಹೋದರೆ ಅಭ್ಯಾಸದ ಗಂಟೆಗಳು ರದ್ದಾಗುತ್ತವೆ, ವಿದ್ಯಾರ್ಥಿವೇತನ ನಿಂತುಹೋಗುತ್ತದೆ, ಮತ್ತೆ ಶುರು ಮಾಡುವ ನಿಯಮವಿಲ್ಲ ಎಂದು ಬಹಳ ಮೃದುವಾಗಿ ಹೇಳಿದ. ಒರಟಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ಒಳ್ಳೆಯವರೇ, ಯಾರ ಕೊರಳಪಟ್ಟಿ ಹಿಡಿಯುವುದು?

ಎಲ್ಲ ಬಿಟ್ಟು ಬಂದುಬಿಡುತ್ತೇನೆ, ಇಲ್ಲ ಏಳು ದಿನವಾದರೂ ಬಂದು ಹೋಗುತ್ತೇನೆ ಎಂದು ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಬೇಡವೆಂದ.

"ಬಿಟ್ಟು ಬಂದ್ರೆ ಮತ್ತೆ ಆ ಕಿಂಡಿಯಲ್ಲೇ ಕೂರ್ತೀಯ, ಜೀವನಪೂರ್ತಿ ಅವಳ ಮುಖ ನೋಡಿದಾಗೆಲ್ಲ ಇದೇ ನೆನಪಾಗತ್ತೆ. ಏಳು ದಿನಕ್ಕೆ ಬಂದ್ರೆ ಮತ್ತೆ ಬಸ್ ಹತ್ಲೇಬೇಕಲ್ಲ? ಹತ್ತೋದನ್ನ ಅವಳು ಇನ್ನೊಂದ್ ಸಲ ನೋಡ್ಬೇಕಾ? ನನ್ ಕೈಲಿ ಆಗಲ್ಲ ಪುಟ್ಟೀ. ಮುಗಿಸ್ಕೊಂಡೇ ಬಾ."

ತಂಗಿ ಮುಗಿಸಿಕೊಂಡೇ ಹೋದಳು. ಉಳಿದ ಒಂದೂವರೆ ವರ್ಷ ಹೇಗೆ ಕಳೆಯಿತೆಂದು ಅವಳನ್ನು ಕೇಳಿದರೆ ಕಳೆಯಿತು ಅನ್ನುತ್ತಾಳೆ, ಅಷ್ಟೇ. ಬೀಗದವನು ಕೊನೆಗೆ ಬಾಯಿ ಬಿಟ್ಟ, ಅಂದರೆ ಕೈ ಬಿಚ್ಚಿದ. ಪ್ರಮಾಣಪತ್ರದಲ್ಲಿ ಅತ್ಯುತ್ತಮ ಎಂದು ಬರೆದಿದ್ದರು. ಅಕ್ಕ ಮಾತ್ರ ಫೋನಿನ ಮುಂದೆ ಮತ್ತೆ ಬರಲಿಲ್ಲ. ಅಣ್ಣ ಫೋನು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ನಿಲ್ದಾಣಕ್ಕೂ ಹೋಗಲಿಲ್ಲ.

ಮನೆಗೆ ಬಂದ ದಿನ ಬಾಗಿಲು ತೆರೆದದ್ದು ಅಕ್ಕನೇ. ಕುರ್ಚಿ ಎಳೆದು ಹಾಕಿದಳು. ನೀರು ತಂದುಕೊಟ್ಟಳು, ನೆಂಟರಿಗೆ ಕೊಡುವ ಲೋಟದಲ್ಲಿ. ತಂಗಿ ತನ್ನ ಮುಂಗೈಯನ್ನು ಮುಂದೆ ಚಾಚಿದಳು, ಒತ್ತು, ಕೋಪ ತೋರಿಸು ಎಂದು. ಅಕ್ಕ, ತಂಗಿ ಖಾಲಿ ಲೋಟ ಕೊಡುತ್ತಿದ್ದಾಳೆಂದು ತಿಳಿದವಳಂತೆ, ಲೋಟ ತೆಗೆದುಕೊಂಡು ಒಳಗೆ ಹೋದಳು.

ಒಳಗೆ ಅತ್ತಿಗೆ ಇದ್ದಳು. ತಂಗಿ ಬಾಗಿಲಲ್ಲಿ ನಿಂತು ನೋಡಿದಳು. ಅತ್ತಿಗೆಯ ಬಾಯಿ ಮುಚ್ಚಿತ್ತು, ಕೈ ಆಡುತ್ತಿತ್ತು. ಅಕ್ಕ ಏನೋ ಹೇಳಿದಳು, ಅತ್ತಿಗೆ ಭುಜದಿಂದ ಅವಳನ್ನು ತಳ್ಳಿದಳು, ಇಬ್ಬರೂ ನಕ್ಕರು. ಅದರಲ್ಲಿ ಅರ್ಧ ಅಮ್ಮನ ಮಾತು. ಇನ್ನರ್ಧ ಇವಳು ಎಂದೂ ಕಂಡಿರದ್ದು.

"ಏನ್ ಮಾಡ್ಲಿ," ಎಂದಳು ಅತ್ತಿಗೆ, ತಪ್ಪೊಪ್ಪಿಕೊಳ್ಳುವವಳ ಹಾಗೆ. "ಅಲ್ಲಿಂದ ಕರ್ಕೊಂಡ್ ಬಂದ್ಮೇಲೆ ಒಂದು ತಿಂಗಳು ಊಟಕ್ಕೇ ಏಳ್ತಿರ್ಲಿಲ್ಲ. ಎಷ್ಟ್ ಕೂಗಿದ್ರೂ ಅಷ್ಟೇ. ಕೊನೆಗೆ ನಾನೇ ಕೈ ಆಡಿಸೋಕೆ ಶುರು ಮಾಡ್ದೆ. ಮೊದಮೊದಲು ಏನೇನೋ ಹೇಳ್ಬಿಡ್ತಿದ್ದೆ, ಅವಳು ಹೊಟ್ಟೆ ಹಿಡ್ಕೊಂಡು ನಗ್ತಿದ್ಲು. ನಗ್ಲಿ ಅಂತ ಮತ್ತೆ ಮತ್ತೆ ಅದನ್ನೇ ಹೇಳ್ತಿದ್ದೆ."

ತಂಗಿಗೆ ಹಳೆಯ ಆಸ್ಪತ್ರೆಯಲ್ಲೇ ವಾರಕ್ಕೆ ಎರಡು ದಿನ ಒಂದು ಕೋಣೆ ಕೊಟ್ಟರು. ಬಾಗಿಲಿಗೆ ಆಪ್ತ ಸಮಾಲೋಚಕಿ ಎಂದು ಬೋರ್ಡು. ನಮ್ಮ ದೇಶದ ಕಿವುಡರ ಕೈಭಾಷೆಯನ್ನೂ ಅವಳು ಕಲಿತಳು. ಎಲ್ಲೆಲ್ಲಿಂದಲೋ ಕಿವುಡರು ಬರತೊಡಗಿದರು. ಅವರೆಲ್ಲ ಅವಳ ಮುಂದೆ ಕೂತು ಗಂಟೆಗಟ್ಟಲೆ ಮಾತಾಡುತ್ತಾರೆ, ಹಗುರಾಗಿ ಹೋಗುತ್ತಾರೆ. ಮನೆಯಲ್ಲಿ ಅಕ್ಕ ಅವಳಿಗೆ ಬಡಿಸುತ್ತಾಳೆ, ಒಣಗಿದ ಬಟ್ಟೆ ಮಡಿಸಿ ಅವಳ ಮಂಚದ ಮೇಲಿಡುತ್ತಾಳೆ. ಕೇಳಿದರೆ ಹೌದು, ಇಲ್ಲ ಅನ್ನುತ್ತಾಳೆ. ತಾನಾಗಿ ಏನನ್ನೂ ಹೇಳುವುದಿಲ್ಲ. ಕ್ಷಮೆ ಕೇಳೋಣವೆಂದರೆ ಅಮ್ಮ ಅದಕ್ಕೊಂದು ಸನ್ನೆ ಮಾಡಿರಲಿಲ್ಲ. ತಂಗಿಗೆ ಈಗ ಎರಡು ದೇಶದ ಕೈಭಾಷೆಯಲ್ಲಿ ಆ ಮಾತು ಬರುತ್ತದೆ. ಅಕ್ಕನಿಗೆ ಎರಡೂ ಬರುವುದಿಲ್ಲ.

ಎಂಟು ತಿಂಗಳಾದ ಮೇಲೆ ಅಕ್ಕನಿಗೆ ದವಡೆ ಹಲ್ಲು ಊದಿಕೊಂಡಿತು. ಅತ್ತಿಗೆಯೂ ಸೇರಿ ಮೂವರೂ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಚುಚ್ಚುಮದ್ದು ಕೊಟ್ಟು ಕೀಳಬೇಕು, ಅಲುಗಾಡಬಾರದು ಎಂದು ತಿಳಿಸಿ ಹೇಳಿ ಎಂದರು ಡಾಕ್ಟರು. ಅತ್ತಿಗೆಗೆ ಸೂಜಿ ನೋಡಿದರೆ ತಲೆ ಸುತ್ತುತ್ತದೆ. "ನೀನೇ ಹೇಳೇ, ಓದಿದವಳು," ಎಂದು ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು.

ತಂಗಿ ಅಕ್ಕನ ಕುರ್ಚಿಯ ಮುಂದೆ ಬಂದು ನಿಂತಳು. ಮಲಗಿದ್ದ ಅಕ್ಕ ಬೇರೆ ದಾರಿಯಿಲ್ಲದೆ ಅವಳ ಕೈಯನ್ನು ನೋಡಿದಳು. ಮೊದಲು ಒಂದು ಸಲ ಚುಚ್ಚುತ್ತದೆ, ನೋವಾಗುತ್ತದೆ. ಆಮೇಲೆ ನೋವಿಲ್ಲ. ಬೇಗ ಮುಗಿಯುತ್ತದೆ. ತಂಗಿ ಅದನ್ನು ಅಮ್ಮನ ಮಾತಿನಲ್ಲೇ, ಒಂದೂ ತಪ್ಪಿಲ್ಲದೆ, ನಿಧಾನವಾಗಿ ಹೇಳಿದಳು.

ಅಕ್ಕ ಕೊನೆಯವರೆಗೂ ನೋಡಿದಳು. ಆಮೇಲೆ ಕತ್ತು ಎತ್ತಿ, ತಂಗಿಯ ಪಕ್ಕದಿಂದ ಹಾಯ್ದು, ಗೋಡೆಗೊರಗಿದ್ದ ಅತ್ತಿಗೆಯನ್ನು ನೋಡಿದಳು. ನಿಜವೇ?

ಅತ್ತಿಗೆ ಕಣ್ಣು ಅರ್ಧ ಮುಚ್ಚಿಕೊಂಡೇ ಹೌದೆಂದಳು. ಅಕ್ಕ ತಲೆ ಹಿಂದಕ್ಕಿಟ್ಟು ಬಾಯಿ ತೆರೆದಳು.

ನರ್ಸಿಗೆ ಜಾಗ ಬೇಕಿತ್ತು. ತಂಗಿ ಪಕ್ಕಕ್ಕೆ ಸರಿದಳು. ಹಲ್ಲು ಕಿತ್ತ ಮೇಲೆ ಔಷಧಿ ಚೀಟಿಯನ್ನು ಅವಳ ಕೈಗೆ ಕೊಟ್ಟರು. ಕೆಳಗಿನ ಅಂಗಡಿಯಲ್ಲಿ ಉದ್ದ ಸಾಲಿತ್ತು. ಮಾತ್ರೆ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಅವರಿಬ್ಬರೂ ಗೇಟಿನ ಹತ್ತಿರ ತಲುಪಿದ್ದರು. ಕೆನ್ನೆ ಉಬ್ಬಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಅಕ್ಕ ಬೆರಳುಗಳಿಂದ ಏನೋ ತಿರುಚಿ ತೋರಿಸುತ್ತಿದ್ದಳು. ಅತ್ತಿಗೆ ನಗುತ್ತ ಅವಳ ಬೆನ್ನಿಗೊಂದು ಗುದ್ದಿದಳು.

"ಏನಂತೆ ಅತ್ತಿಗೆ?" ಎಂದು ತಂಗಿ ಕೇಳಿದಳು.

"ಏನಿಲ್ಲ ಬಿಡೇ, ನಮ್ದೇ ಏನೋ," ಎಂದಳು ಅತ್ತಿಗೆ. ಹೇಳಬಾರದೆಂದಲ್ಲ, ಹೇಳಲು ಹೊರಟರೆ ಉದ್ದವಾಗುತ್ತದೆಂದು.

ರಸ್ತೆ ದಾಟಲು ಅಕ್ಕ ಅತ್ತಿಗೆಯ ತೋಳು ಹಿಡಿದಳು. ಮಾತ್ರೆಯ ಪೊಟ್ಟಣ ಹಿಡಿದು ತಂಗಿ ಅವರ ಹಿಂದೆ ನಡೆದಳು.